ದಾನು ಯಾರು? ಹೆಸರಿದೆ, ಕಥೆ ಎಲ್ಲಿ ಹೋಯಿತು?

ಮಳೆಕೋಟು:
ನಾನು ಕಾರ್ಕ್‌ನಲ್ಲಿ ನರ್ಸ್. ಐರ್ಲೆಂಡಿಗೆ ಬಂದು 4 ವರ್ಷ ಆಯಿತು. ಹೋದ ವಾರ ಎರಡು ದಿನ ರಜೆ ಸಿಕ್ಕಿತು ಅಂತ ಮ್ಯಾಲೋದಲ್ಲಿ ರೈಲು ಬದಲಿಸಿ ಕಿಲಾರ್ನಿಗೆ ಹೊರಟೆ. ರಾತ್‌ಮೋರ್ ಹತ್ತಿರ ಬರುತ್ತಿದ್ದಂತೆ ಎಡಗಡೆ ಕಿಟಕಿಯಲ್ಲಿ ಎರಡು ಬೆಟ್ಟ ಕಂಡವು. ಹೆಚ್ಚುಕಮ್ಮಿ ಒಂದೇ ಎತ್ತರ, ಒಂದೇ ದುಂಡು. ಎರಡರ ನೆತ್ತಿಯ ಮೇಲೂ ಒಂದೊಂದು ಪುಟ್ಟ ಗುಬುಟು. ನಾನು ಕಣ್ಣು ಕೀಳದೆ ನೋಡುತ್ತಿದ್ದದ್ದು ಕಂಡು ಎದುರಿಗೆ ಕೂತಿದ್ದ ಅಜ್ಜ ನಕ್ಕರು. "ಅವು ಅನುವಿನ ಎದೆ" ಎಂದರು. ಅವರು ಬಳಸಿದ ಪದ ಇನ್ನೂ ಸ್ವಲ್ಪ ನೇರವಾಗಿತ್ತು, ಇರಲಿ.

ಅನು ಅಂದರೆ ದಾನು, ಐರಿಷ್ ದೇವರುಗಳ ತಾಯಿ ಅಂತೆ. ರಾತ್ರಿ ಹೋಟೆಲಿನಲ್ಲಿ ಯೂಟ್ಯೂಬ್ ತೆರೆದೆ. ಒಂದು ವಿಡಿಯೊದಲ್ಲಿ ಕಥೆ ಬಹಳ ಚೆನ್ನಾಗಿತ್ತು. ಮೊದಲು ಭೂಮಿ ಬರಡಾಗಿತ್ತು. ದಾನು ಆಕಾಶದಿಂದ ನೀರಾಗಿ ಇಳಿದಳು. ಆ ನೀರು ಕುಡಿದು ಬಿಲೆ ಎಂಬ ಓಕ್ ಮರ ಬೆಳೆಯಿತು. ಅದರ ಕಾಯಿಗಳಿಂದ ದೇವರುಗಳು ಹುಟ್ಟಿದರು. ಇದು ಯಾವ ಗ್ರಂಥದಲ್ಲಿದೆ? ಮೂಲದ ಅನುವಾದ ಓದಬೇಕು ಅನ್ನಿಸಿದೆ.

ಕೆಲಸದ ಜಾಗದಲ್ಲಿ ಐರಿಷ್ ಗೆಳತಿಯರನ್ನು ಕೇಳಿದೆ. ಒಬ್ಬಳು "ಬ್ರಿಜಿಡ್ ದೇವಿ ಗೊತ್ತು, ಇವಳು ಗೊತ್ತಿಲ್ಲ" ಎಂದಳು. ಇನ್ನೊಬ್ಬಳು "ಯಾವುದೋ ಗೇಮ್‌ನಲ್ಲಿ ಬರುವ ಹೆಸರು ಅಲ್ವಾ" ಎಂದಳು. ದೇವರುಗಳ ತಾಯಿಯನ್ನೇ ಇವರು ಮರೆತದ್ದು ಹೇಗೆ?

ಹಳೇಕಡತ:
ಬೇಜಾರು ಮಾಡಿಕೊಳ್ಳಬೇಡಿ. ಆ ಕಥೆ ಯಾವ ಹಳೆಯ ಗ್ರಂಥದಲ್ಲೂ ಇಲ್ಲ. ಐರ್ಲೆಂಡಿನ ಹಸ್ತಪ್ರತಿಗಳಲ್ಲಿ ಆ ದೇವರುಗಳ ಸೃಷ್ಟಿಯ ಕಥೆಯೇ ಉಳಿದಿಲ್ಲ. ಆಕಾಶದ ನೀರು, ಓಕ್ ಮರ ಎಲ್ಲ ನಮ್ಮ ಕಾಲದಲ್ಲಿ ಹೊಸದಾಗಿ ಕಟ್ಟಿದ್ದು. ಒಬ್ಬರು ಕಟ್ಟಿದರು, ನೂರು ವಿಡಿಯೊಗಳು ಅದನ್ನೇ ಪುರಾತನ ಎಂದವು.

ಇನ್ನೂ ತಮಾಷೆ ಇದೆ. "ದನು" ಎಂಬ ಹೆಸರೇ ಹಳೆಯ ಪುಟಗಳಲ್ಲಿ ಆ ರೂಪದಲ್ಲಿ ಸಿಗುವುದಿಲ್ಲ. (ದಾನು ಅಲ್ಲ, ಹ್ರಸ್ವ. ಇದು ಮುಂದೆ ಬೇಕಾಗುತ್ತದೆ, ನೆನಪಿಡಿ.) ಸಿಗುವುದು ಆ ದೇವರುಗಳ ಕುಲದ ಹೆಸರು, "ತುವಾಥ ದೇ ದನನ್". ತುವಾಥ ಅಂದರೆ ಕುಲ. ದೇ ಅಂದರೆ ದೇವರ. ದನನ್ ಅಂದರೆ ದನುವಿನ. ಷಷ್ಠೀ ವಿಭಕ್ತಿ! ಆ ಪ್ರತ್ಯಯ ಕಳಚಿ, ಮೂಲ ರೂಪ "ದನು" ಇದ್ದಿರಬೇಕು ಎಂದು ಈಚಿನ ವಿದ್ವಾಂಸರು ಲೆಕ್ಕ ಹಾಕಿದರು.

ಹೀಗೆ ಯೋಚಿಸಿ. ಸಾವಿರ ವರ್ಷದ ನಂತರ ಕನ್ನಡದ ಪುಸ್ತಕಗಳೆಲ್ಲ ಹೋಗಿ ಒಂದು ಚೀಟಿ ಉಳಿದಿದೆ. ಅದರಲ್ಲಿ "ಹೊನ್ನಿಯ ಮಕ್ಕಳು" ಅಂತಷ್ಟೇ ಇದೆ. ಹೊನ್ನಿ ಯಾರು? ಅಜ್ಜಿಯಾ, ಊರಾ, ಹೊಳೆಯಾ, ಎಮ್ಮೆಯಾ? ವ್ಯಾಕರಣ ಅಷ್ಟು ದೂರ ಹೋಗುವುದಿಲ್ಲ.

ಸೊಪ್ಪುಸಾರು:
ಅಂದರೆ ವಿಭಕ್ತಿ ಪ್ರತ್ಯಯದಿಂದ ಹುಟ್ಟಿದ ದೇವಿ. ನಮ್ಮ ಕನ್ನಡ ಮೇಷ್ಟ್ರು ಇದ್ದಿದ್ದರೆ ಖುಷಿಪಡುತ್ತಿದ್ದರು.

ದಾನವಪ್ರಿಯ:
ಹಳೇಕಡತ ಅವರೇ, ಅಷ್ಟು ಬೇಗ ಕೈಬಿಡಬೇಡಿ. ದನು ನಮಗೆ ಹೊಸಬಳಲ್ಲ. ದಕ್ಷನ ಮಗಳು, ಕಶ್ಯಪನ ಹೆಂಡತಿ, ದಾನವರ ತಾಯಿ. ಋಗ್ವೇದದ ಮೊದಲ ಮಂಡಲದ 32ನೆಯ ಸೂಕ್ತದಲ್ಲಿ ಇಂದ್ರ ವೃತ್ರನನ್ನು ಕೊಲ್ಲುತ್ತಾನಲ್ಲ, ಅಲ್ಲಿ ವೃತ್ರನ ತಾಯಿಯ ಹೆಸರು ದಾನು. ಮಗನನ್ನು ಉಳಿಸಿಕೊಳ್ಳಲು ಅವನ ಮೇಲೆ ಬಾಗುತ್ತಾಳೆ, ಇಂದ್ರ ಅವಳನ್ನೂ ಹೊಡೆಯುತ್ತಾನೆ. ಮೇಲೆ ತಾಯಿ, ಕೆಳಗೆ ಮಗ, ಕರುವಿನ ಜೊತೆ ಮಲಗಿದ ಹಸುವಿನ ಹಾಗೆ ದಾನು ಬಿದ್ದಿದ್ದಳು ಎಂದು ಋಷಿ ಹೇಳುತ್ತಾನೆ. ಶತ್ರುವಿನ ತಾಯಿಗೆ ಇಂಥ ಹೋಲಿಕೆ! ನಾನು ಓದಿದಾಗಲೆಲ್ಲ ಅಲ್ಲಿ ನಿಲ್ಲುತ್ತೇನೆ.

ಆಮೇಲೆ ವೃತ್ರ ತಡೆದಿದ್ದ ನೀರು ಬಿಡುಗಡೆಯಾಗಿ ಹರಿಯುತ್ತದೆ. ವೇದದಲ್ಲಿ ದಾನು ಎಂದರೆ ಹನಿ, ಇಬ್ಬನಿ ಎಂಬ ಅರ್ಥವೂ ಇದೆ. ಯೂರೋಪಿನಲ್ಲಿ ಡಾನ್ಯೂಬ್, ಡಾನ್, ನೀಪರ್, ನೀಸ್ಟರ್ ಎಲ್ಲ ಅದೇ ಬೇರಿನ ನದಿಗಳು. ಕಕೇಶಸ್ಸಿನ ಒಸ್ಸೆಟಿಯನ್ ಭಾಷೆಯಲ್ಲಿ ನೀರಿಗೆ ಇವತ್ತಿಗೂ "ದೊನ್" ಅನ್ನುತ್ತಾರೆ. ಇಷ್ಟು ಇರುವಾಗ ಐರ್ಲೆಂಡಿನವಳು ಮಾತ್ರ ಬೇರೆ ಹೇಗೆ? ಅಲ್ಲಿ ದೇವರ ತಾಯಿ, ಇಲ್ಲಿ ದಾನವರ ತಾಯಿ. ಕುಟುಂಬ ಒಡೆದು ಪಾಲಾದಾಗ ಅಜ್ಜಿಯ ಹೆಸರು ಎರಡೂ ಮನೆಯಲ್ಲಿ ಉಳಿದ ಹಾಗೆ.

ಹಳೇಕಡತ:
ಋಗ್ವೇದದ ಆ ಹೋಲಿಕೆ ನನಗೂ ಇಷ್ಟ. ನದಿಗಳ ಮಾತೂ ಸರಿ. ತೊಡಕು ಇರುವುದು ಹ್ರಸ್ವ ದೀರ್ಘದಲ್ಲಿ, ಅದಕ್ಕೇ ಮೊದಲೇ ನೆನಪಿಡಿ ಎಂದೆ. ನದಿಗಳ ದಾನು ದೀರ್ಘ. ವೇದದ ದಾನು ದೀರ್ಘ. ಐರಿಷ್ ದನನ್ ಹ್ರಸ್ವ. ಕೆಲವು ಕಡೆ ದೊನನ್ ಅಂತಲೂ ಬರೆದಿದ್ದಾರೆ. ಹಳೆಯ ಐರಿಷ್‌ನಲ್ಲಿ ದೀರ್ಘ ಸ್ವರ ಸುಮ್ಮನೆ ಕುಗ್ಗುವುದಿಲ್ಲ. ನಮಗೆ ಕಡು ಬೇರೆ, ಕಾಡು ಬೇರೆ ಅಲ್ವಾ? ಹಾಗೆ.

ಇನ್ನೊಂದು. ನದೀದೇವಿ ಆಗಿದ್ದರೆ ಐರ್ಲೆಂಡಿನಲ್ಲಿ ಅವಳ ನದಿ ಎಲ್ಲಿ? ಬೋಯ್ನ್ ನದಿ ಬೋಅನ್ ಎಂಬ ದೇವಿಯದು, ಶಾನನ್ ನದಿ ಶಿನನ್ ಎಂಬವಳದು. ದನುವಿಗೆ ಅಂಥದ್ದೊಂದು ನದಿ ಇಲ್ಲ.

ನಿಜವಾದ ನಂಟು ಬೇಕಿದ್ದರೆ ಬೇರೆ ಕಡೆ ಇದೆ. "ದೇ ದನನ್" ಎಂಬಲ್ಲಿಯ ದೇ ನಮ್ಮ ದೇವ ಶಬ್ದದ ದಾಯಾದಿಯೇ. ಬ್ರಿಜಿಡ್ ಎಂಬ ಹೆಸರು ಸಂಸ್ಕೃತದ ಬೃಹತೀ, ಎರಡೂ ಒಂದೇ ಬೇರು. ಬೋಅನ್‌ನಲ್ಲಿರುವ "ಬೋ" ಅಂದರೆ ಹಸು, ನಮ್ಮ ಗೋ.

ದಾನವಪ್ರಿಯ:
ಟಾಲೆಮಿ ಎಂಬ ಗ್ರೀಕ್ ಭೂಗೋಳಜ್ಞ 2ನೆಯ ಶತಮಾನದಲ್ಲಿ ಆ ಬೋಯ್ನ್ ನದಿಯ ಹೆಸರನ್ನು "ಬೂವಿಂದ" ಎಂದು ಬರೆದಿದ್ದಾನೆ. ಗೋವಿಂದ!

ಹಳೇಕಡತ:
ಅರ್ಧ ಗೋವಿಂದ. ಮೊದಲ ಭಾಗ ಗೋ, ಒಪ್ಪಿದೆ. ಅಲ್ಲಿನ ವಿಂದ ಅಂದರೆ ಬಿಳಿ, ಇಲ್ಲಿನ ವಿಂದ ಅಂದರೆ ಪಡೆದವನು. ಬಿಳಿ ಹಸು ಎಂದು ಅರ್ಥ. ತಿರುಪತಿಗೆ ಕರೆದುಕೊಂಡು ಹೋಗಬೇಡಿ.

ಕಡಲಂಚು:
ಇಷ್ಟು ಹೊತ್ತು ಓದುತ್ತಿದ್ದೆ. ಒಂದು ತಕರಾರು ಇದೆ. ಕಥೆ ಸಿಗಲಿಲ್ಲ ಅಂದ ಮಾತ್ರಕ್ಕೆ ದೇವಿ ಇರಲಿಲ್ಲ ಅಂತಲ್ಲ. ಬರೆದವರು ಯಾರು? ಕ್ರೈಸ್ತ ಮಠದ ಸನ್ಯಾಸಿಗಳು. ಅವರಿಗೆ ಬೇಕಾದ್ದು ಯುದ್ಧ, ವಂಶಾವಳಿ, ಯಾವ ರಾಜ ಯಾರ ಮಗ ಎನ್ನುವುದು. 11ನೆಯ ಶತಮಾನದಲ್ಲಿ ಹೊಂದಿಸಿದ ಲೆಬೋರ್ ಗವಾಲ ಎಂಬ ಗ್ರಂಥ ಐರ್ಲೆಂಡಿನ ಜನರನ್ನು ಬೈಬಲ್ಲಿನ ನೋಹನ ಸಂತತಿಗೆ ಜೋಡಿಸುತ್ತದೆ. ಅಂಥವರು ದೇವರುಗಳ ತಾಯಿಯನ್ನು ಬಿಟ್ಟುಬಿಟ್ಟರೆ ಆಶ್ಚರ್ಯವೇನು?

ಹಳೇಕಡತ:
ಆಶ್ಚರ್ಯ ಇಲ್ಲ. ಆದರೆ ಅದೇ ಸನ್ಯಾಸಿಗಳು ಮಾಖ ಎಂಬವಳ ಕಥೆ ಬರೆದರು. ತುಂಬು ಬಸುರಿಯಾಗಿದ್ದ ಅವಳನ್ನು ಅಲ್ಸ್ಟರ್ ಪ್ರಾಂತ್ಯದವರು ರಾಜನ ಕುದುರೆಗಳ ಜೊತೆ ಓಡಿಸಿದರು. ಅವಳು ಗೆದ್ದಳು, ಗೆರೆಯ ಹತ್ತಿರವೇ ಅವಳಿ ಮಕ್ಕಳನ್ನು ಹೆತ್ತಳು, ಅಲ್ಸ್ಟರಿನ ಗಂಡಸರೆಲ್ಲ ಕಷ್ಟದ ಹೊತ್ತಿನಲ್ಲಿ ಹೆರಿಗೆ ನೋವು ಉಣ್ಣಲಿ ಎಂದು ಶಪಿಸಿದಳು. ಇಂಥದ್ದನ್ನು ಮುಚ್ಚಿಡದವರು ದನುವನ್ನು ಮಾತ್ರ ಯಾಕೆ ಮುಚ್ಚಿಡಬೇಕು?

ಲೆಬೋರ್ ಗವಾಲದಲ್ಲಿ ದನಂದ್ ಎಂಬವಳು ಇದ್ದಾಳೆ. ಡೆಲ್ವೆಯಥ್ ಎಂಬವನ ಮಗಳು, ಬ್ರಿಯನ್, ಉಖರ್, ಉಖರ್ಬ ಎಂಬ ಮೂವರ ತಾಯಿ. ಮೂವರು ಮಕ್ಕಳ ತಾಯಿ ಅಷ್ಟೇ, ಜಗದ ತಾಯಿ ಅಲ್ಲ. ಆ ಮೂವರಿಗೂ ಇನ್ನೊಂದು ಕಡೆ ಬ್ರಿಜಿಡ್ ತಾಯಿ.

ನನಗೆ ಒಪ್ಪಿಗೆಯಾಗುವ ವಾದ ಇದು. ಮೊದಲು ಈ ಕುಲದ ಹೆಸರು "ತುವಾಥ ದೇ" ಅಂತಷ್ಟೇ ಇತ್ತು. ಬೈಬಲ್ಲಿನ ಇಸ್ರೇಲಿನ ಜನರಿಗೂ ಸನ್ಯಾಸಿಗಳು ಅದೇ ಹೆಸರು ಬಳಸಿದರು, ದೇವರ ಜನ ಅಂತ. ಎರಡು ಬೇರೆ ಮಾಡಲು ಇವರ ಹೆಸರಿಗೆ ಒಂದು ಬಾಲ ಬೇಕಾಯಿತು. ಐರಿಷ್‌ನಲ್ಲಿ "ದಾನ್" ಎಂದರೆ ಕಲೆ, ಕವಿತೆ, ವರ. ಇದು ನಮ್ಮ ದಾನ ಶಬ್ದದ ನಿಜವಾದ ನೆಂಟ. ಕಲೆಯ ಮೂವರು ದೇವರು ಎಂಬ ನುಡಿಗಟ್ಟು ಆಗಲೇ ಇತ್ತು. ಅದರ ಜೊತೆ ಅನು ಎಂಬ ಹೆಸರೂ ಬೆರೆತು ದನನ್ ಆಗಿರಬಹುದು.

ಸೊಪ್ಪುಸಾರು:
ಅನು! ನನ್ನ ತಂಗಿಯ ಹೆಸರು. ಅವಳಿಗೆ ಹೇಳಿದರೆ ನಾಳೆಯಿಂದ ಕೈಗೆ ಸಿಗುವುದಿಲ್ಲ.

ಕಡಲಂಚು:
ನೀವೇ ಬಾಯಿಬಿಟ್ಟಿರಿ, ಅನು ಅಂತ. ಈಗ ಕಾರ್ಮಕನ ನಿಘಂಟು ತೆರೆಯೋಣವೇ?

ಹಳೇಕಡತ:
ತೆರೆಯಲೇಬೇಕು, ಅಲ್ಲಿ ನಾನು ಸೋಲುತ್ತೇನೆ.

ಕಾರ್ಮಕ್ ಮನ್ಸ್ಟರ್ ಪ್ರಾಂತ್ಯದ ರಾಜ, ಬಿಷಪ್ ಕೂಡ. 908ರಲ್ಲಿ ಯುದ್ಧದಲ್ಲಿ ಸತ್ತ. ಅವನ ಹೆಸರಿನ ಪದಕೋಶದ ಶುರುವಿನಲ್ಲೇ, ಅಕಾರದಲ್ಲಿ, "ಅನ" ಎಂಬ ನಮೂದು ಇದೆ. ಲ್ಯಾಟಿನ್‌ನಲ್ಲಿ ಬರೆದಿದ್ದಾನೆ: ಐರ್ಲೆಂಡಿನ ದೇವರುಗಳ ತಾಯಿ ಎಂದು. ಮುಂದಿನ ಸಾಲು ಐರಿಷ್: ಅವಳು ದೇವರುಗಳಿಗೆ ಚೆನ್ನಾಗಿ ಉಣ್ಣಿಸುತ್ತಿದ್ದಳು. ಸಮೃದ್ಧಿಗೆ ಇರುವ ಪದ ಅವಳ ಹೆಸರಿನಿಂದಲೇ ಬಂತು ಅನ್ನುತ್ತಾನೆ. ಲುವಖರ್ ಸೀಮೆಯ ಎರಡು ಬೆಟ್ಟಗಳಿಗೂ ಅವಳದೇ ಹೆಸರು ಅನ್ನುತ್ತಾನೆ. ಮಳೆಕೋಟು ಅವರು ರೈಲಿನಿಂದ ನೋಡಿದ ಬೆಟ್ಟಗಳು ಅವೇ. "ದಾ ಖೀಖ್ ಅನನ್".

ಪೂರ್ವದ್ದು 694 ಮೀಟರ್, ಪಶ್ಚಿಮದ್ದು 690. ನೀವು ಗುಬುಟು ಅಂದದ್ದು ಕಲ್ಲು ಪೇರಿಸಿ ಮಾಡಿದ ಗುಪ್ಪೆ. ಕಾರ್ಮಕನ ಕಾಲಕ್ಕಿಂತ ತುಂಬಾ ಹಿಂದಿನವು. ಯಾರೋ ಆ ಎತ್ತರಕ್ಕೆ ಕಲ್ಲು ಹೊತ್ತು, ಸರಿಯಾಗಿ ಎಲ್ಲಿ ಇಡಬೇಕೋ ಅಲ್ಲೇ ಇಟ್ಟಿದ್ದಾರೆ.

ಸೊಪ್ಪುಸಾರು:
ಉಣ್ಣಿಸುವ ತಾಯಿ, ಹೆಸರು ಅನ. ಅನ್ನಪೂರ್ಣೆ ಅಂದುಬಿಡಲಾ? ಬೈಯಬೇಡಿ.

ಹಳೇಕಡತ:
ಬೈಯುವುದಿಲ್ಲ. ಸಂಸ್ಕೃತದ ಅನ್ನ "ಅದ್", ತಿನ್ನು ಎಂಬ ಧಾತುವಿನಿಂದ ಬಂದದ್ದು. ಅನುವಿಗೂ ಅದಕ್ಕೂ ಸಂಬಂಧ ಇಲ್ಲ. ಕಾರ್ಮಕನೂ ನಿಮ್ಮ ಹಾಗೇ. ಸದ್ದು ಹೊಂದಿದರೆ ಸಾಕು, ಜೋಡಿಸಿಬಿಡುತ್ತಾನೆ.

ಮಳೆಕೋಟು:
ಈಗ ನನಗೆ ತಲೆ ಸುತ್ತುತ್ತಿದೆ. ದನು ಅನುಮಾನ, ಅನು ನಿಜ. ಇಬ್ಬರೂ ಒಬ್ಬಳೇ ಅಂತ ಯಾರು ಹೇಳಿದ್ದು?

ಹಳೇಕಡತ:
ವಿದ್ವಾಂಸರು ಹೇಳಿದರು, ಕವಿಗಳು ಹಬ್ಬಿಸಿದರು. ಡಬ್ಲಿನ್‌ನಲ್ಲಿ ಐರಿಷ್ ಸಾಹಿತ್ಯದ ಹೊಸ ಅಲೆ ಎದ್ದ ಕಾಲದಲ್ಲಿ ಅವಳಿಗೆ ಭಾರಿ ಬೇಡಿಕೆ. 1904ರಲ್ಲಿ "ದಾನಾ" ಎಂಬ ಹೆಸರಿನ ಪತ್ರಿಕೆಯೇ ಅಲ್ಲಿ ಶುರುವಾಯಿತು. ಸ್ವಾತಂತ್ರ್ಯ ಬೇಕಾದ ನಾಡಿಗೆ ಒಬ್ಬ ತಾಯಿ ಬೇಕಾಗಿದ್ದಳು.

ಇನ್ನೂ ಗೊಂದಲ ಬೇಕಾ? ಲೆಬೋರ್ ಗವಾಲದಲ್ಲಿ ಒಂದು ಕಡೆ ಅನಂದ್ ಎಂಬುದು ಮೊರಿಗನ್‌ಳ ಹೆಸರು. ಮೊರಿಗನ್ ಅಂದರೆ ಯುದ್ಧಭೂಮಿಯ ದೇವಿ. ಆ ಎರಡು ಬೆಟ್ಟ ಅವಳವೇ ಅಂತ ಅಲ್ಲೇ ಬರೆದಿದೆ. ಹಾಲೂಡುವವಳೂ ಅವಳೇ, ಹೆಣದ ಮೇಲೆ ಸುಳಿಯುವವಳೂ ಅವಳೇ.

ಕಡಲಂಚು:
ಅದರಲ್ಲಿ ಗೊಂದಲ ಏನಿದೆ? ತಾಯಿ ಅಂದರೆ ಬರೀ ಮುದ್ದು ಅಂತ ಯಾರು ಹೇಳಿದರು.

ಮತ್ತೆ, ಮಳೆಕೋಟು ಅವರೇ, ಎದೆ ಎದೆ ಅಂತ ಯಾಕೆ ಸುತ್ತಾಡುತ್ತೀರಿ. ಮೊಲೆ ಅನ್ನಿ. ನಮ್ಮ ಭಾಷೆಗೆ ಮೊಲೆಹಾಲು ಅನ್ನಲು ನಾಚಿಕೆ ಇಲ್ಲ. ಅನುವಿನ ಎರಡು ಮೊಲೆ. ಕಾರ್ಮಕ ಬಿಷಪ್ ಆಗಿಯೂ ಬರೆದ.

ಮರೆತ ತಾಯಿಯರ ಮಾತು ಬಂತು ಅಂತ ಇನ್ನೊಬ್ಬಳ ಹೆಸರು ಸೇರಿಸುತ್ತೇನೆ. ತಾಯ್ಲ್ತು. ಲೂಗ್ ಎಂಬ ದೊಡ್ಡ ದೇವರ ಸಾಕುತಾಯಿ. ಈ ದೇವರುಗಳಿಗೆ ಸೋತ ಕುಲದ ರಾಣಿ. ಗದ್ದೆಗೆ ಜಾಗ ಬೇಕು ಅಂತ ಕಾಡು ಕಡಿದು ಕಡಿದು, ಬಯಲು ಮಾಡಿ, ಆ ದಣಿವಿನಲ್ಲೇ ಸತ್ತಳು. ಲೂಗ್ ಅವಳ ನೆನಪಿಗೆ ಆಟ, ಜಾತ್ರೆ ಇಟ್ಟ. ಮೀಥ್ ಕೌಂಟಿಯ ಟೆಲ್‌ಟೌನ್ ಅವಳ ಹೆಸರಿನ ಊರು. ಸ್ವಾತಂತ್ರ್ಯ ಬಂದ ಮೇಲೆ 1924, 1928, 1932ರಲ್ಲಿ ಡಬ್ಲಿನ್‌ನಲ್ಲಿ ತಾಯ್ಲ್ತನ್ ಕ್ರೀಡಾಕೂಟ ನಡೆಯಿತು, ನಿಂತಿತು. ಐರ್ಲೆಂಡಿನಲ್ಲಿ ಆಗಸ್ಟ್ ತಿಂಗಳಿಗೆ ಲೂಗ್‌ನ ಹಬ್ಬದ ಹೆಸರಿದೆ. ಕಾಡು ಕಡಿದವಳ ಹೆಸರಲ್ಲ. ನನಗೆ ದನುವಿಗಿಂತ ಇವಳ ಮೇಲೆ ಪ್ರೀತಿ ಜಾಸ್ತಿ, ಇವಳಿಗೆ ಕಥೆಯಾದರೂ ಇದೆ.

ಹಟ್ಟಿಗೌಡ:
ನನಗೆ ಈ ವಿಭಕ್ತಿ ಗಿಭಕ್ತಿ ತಿಳಿಯುವುದಿಲ್ಲ. ಮಂಡ್ಯ ಕಡೆ ಎಂಟು ಹಸು ಸಾಕಿದ್ದೇನೆ. ಉಣ್ಣಿಸುವ ತಾಯಿ ಅಂದಿರಿ, ಮೊಲೆ ಅಂದಿರಿ. ಆ ಬೆಟ್ಟದ ಕೆಳಗೆ ದನ ಇದ್ದಾವಾ? ಇದ್ದರೆ ಅವಕ್ಕೆ ಏನಾದರೂ ಮಾಡುತ್ತಾರಾ? ದೇವರು ಇದ್ದಾಳೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಕಡಲಂಚು:
ಗೌಡರೇ, ಇಡೀ ಚರ್ಚೆಯಲ್ಲಿ ಒಳ್ಳೇ ಪ್ರಶ್ನೆ ಇದು.

ಬೆಟ್ಟದ ಬುಡದಲ್ಲಿ ಶ್ರೋನ್ ಅಂತ ಜಾಗ. ಅಲ್ಲಿ ದುಂಡಗೆ ಕಲ್ಲುಗೋಡೆಯ ಹಳೆಯ ಆವರಣ ಇದೆ, ಹೆಸರು ಕಾಹಿರ್ ಕ್ರೋವ್ ಜ್ಯಾರಗ್. ಊರವರು ಸುಮ್ನೆ "ಸಿಟಿ" ಅನ್ನುತ್ತಾರೆ. ಸಿಟಿ ಅಂದರೆ ಒಂದಷ್ಟು ಕಲ್ಲು, ಒಂದು ಬಾವಿ, ಮೇರಿಯ ಒಂದು ಮೂರ್ತಿ. ಮೇ 1ಕ್ಕೆ ಜನ ಬಂದು ಪ್ರದಕ್ಷಿಣೆ ಹಾಕುತ್ತಾರೆ, ಬಾವಿಯ ನೀರು ಕುಡಿಯುತ್ತಾರೆ. ಹಿಂದೆ ದನಗಳನ್ನೂ ಹೊಡೆದುಕೊಂಡು ಬರುತ್ತಿದ್ದರು, ವರ್ಷಪೂರ್ತಿ ರೋಗ ಬರದಿರಲಿ ಅಂತ. ಮೇ ಮೊದಲ ದಿನ ಅವರಲ್ಲಿ ಬೇಸಿಗೆಯ ಬಾಗಿಲು. ದನ ಬೆಟ್ಟದ ಹುಲ್ಲಿಗೆ ಹೊರಡುವ ಕಾಲ. ಆ ದಿನ ಮನೆಯಿಂದ ಹಾಲು, ಬೆಣ್ಣೆ, ಬೆಂಕಿ ಯಾರಿಗೂ ಕೊಡುತ್ತಿರಲಿಲ್ಲ. ಕೊಟ್ಟರೆ ವರ್ಷದ ಬೆಣ್ಣೆಯೇ ಹೋಯಿತು ಎಂದು ಲೆಕ್ಕ.

ಕ್ರೋವ್ ಜ್ಯಾರಗ್ ಅಂದರೆ ಕೆಂಪು ಪಂಜದವಳು. ಆ ಸೀಮೆಯ ಕಥೆಗಳಲ್ಲಿ ಮೂವರು ಅಕ್ಕತಂಗಿ ಸಂತಿಯರು ಬರುತ್ತಾರೆ, ಇವಳು ಒಬ್ಬಳು. ಸಂತಿ ಎಂದು ಕರೆಯುತ್ತಾರೆ, ಆದರೆ ಹೆಸರು ನೋಡಿ. ಕೆಂಪು ಪಂಜದ ಸಂತಿ!

1937ರಿಂದ 39ರವರೆಗೆ ಐರ್ಲೆಂಡಿನಲ್ಲಿ ಸುಮಾರು 5,000 ಶಾಲೆಗಳ 50,000ಕ್ಕೂ ಜಾಸ್ತಿ ಮಕ್ಕಳು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಇಂಥದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದರು. ಈಗ ಅಂತರ್ಜಾಲದಲ್ಲಿ ಪುಕ್ಕಟೆ ಓದಬಹುದು. ಮಕ್ಕಳ ದುಂಡಕ್ಷರದಲ್ಲಿ ಬೆಣ್ಣೆ ಕಳ್ಳಿಯರ ಕಥೆ ಓದುವ ಸುಖವೇ ಬೇರೆ. ವಿಡಿಯೊ ಬಿಟ್ಟು ಅಲ್ಲಿಗೆ ಹೋಗಿ.

ಹಟ್ಟಿಗೌಡ:
ಹಾಂ. ಇದು ಸರಿ. ಅಲ್ಲಿ ಯಾವ ತಳಿ?

ಕಡಲಂಚು:
ಆ ಬೆಟ್ಟಗಳಿರುವ ಕೌಂಟಿಯ ಹೆಸರಲ್ಲೇ, ಕೆರ್ರಿ ಅಂತ ಒಂದು ತಳಿ ಇದೆ. ಚಿಕ್ಕ ಮೈ, ಕಪ್ಪು ಬಣ್ಣ, ಹಾಲಿನ ಹಸು. ಯೂರೋಪಿನ ತುಂಬಾ ಹಳೆಯ ತಳಿಗಳಲ್ಲಿ ಒಂದು. ಈಗ ಕಡಿಮೆಯಾಗಿವೆ.

ಮಳೆಕೋಟು:
ಮೇ 1ಕ್ಕೆ ಇನ್ನು ಮೂರು ವಾರ ಇದೆ. ಪಾಳಿ ಬದಲಿಸಿಕೊಳ್ಳುತ್ತೇನೆ.

ಮಳೆಕೋಟು (ಮೂರು ವಾರದ ಮೇಲೆ):
ಹೋಗಿ ಬಂದೆ. ಗೆಳತಿಯ ಕಾರು. ಶ್ರೋನ್ ತಲುಪುವಾಗ ಸಣ್ಣ ಮಳೆ. ಬೆಟ್ಟ ಎರಡೂ ಮಂಜಿನಲ್ಲಿ ಮುಳುಗಿದ್ದವು, ಒಂದು ಗುಲಗಂಜಿಯಷ್ಟೂ ಕಾಣಲಿಲ್ಲ. ಅಷ್ಟು ದೂರ ಹೋಗಿ ನಾನು ಅನುವನ್ನು ನೋಡಲಿಲ್ಲ ಅಂತಲೇ ಬರೆದುಕೊಳ್ಳಿ.

ಗೋಡೆ ಅಲ್ಲಲ್ಲಿ ಬಿದ್ದಿದೆ. ಜನ ಬಾಯಲ್ಲಿ ಪ್ರಾರ್ಥನೆ ಹೇಳುತ್ತಾ ಬಲಕ್ಕೆ ಸುತ್ತುತ್ತಿದ್ದರು. ಕೆಲವು ಕಲ್ಲುಗಳ ಹತ್ತಿರ ನಿಂತು, ಕೆಳಗಿದ್ದ ಚೂರುಕಲ್ಲು ಎತ್ತಿಕೊಂಡು ಕಲ್ಲಿನ ಮೇಲೆ ಶಿಲುಬೆ ಗೀಚುತ್ತಿದ್ದರು. ಹೊಸ ಗೆರೆ ಅಲ್ಲ, ಹಿಂದಿನವರು ಗೀಚಿದ ಗೆರೆಯ ಮೇಲೇ ಮತ್ತೆ. ಎಷ್ಟು ಜನ ಎಳೆದಿದ್ದಾರೋ, ಗೆರೆ ಬೆರಳು ಹೂತುಹೋಗುವಷ್ಟು ಆಳ ಆಗಿದೆ. ನಾನೂ ಎಳೆದೆ. ನಾನು ಕ್ರೈಸ್ತಳಲ್ಲ, ಅಲ್ಲಿ ಯಾರೂ ಕೇಳಲೂ ಇಲ್ಲ. ಕಲ್ಲಿನ ಬಿಳಿ ಹುಡಿ ಮಳೆಗೆ ಒದ್ದೆಯಾಗಿ ಉಗುರಿನ ಸಂದಿಗೆ ಅಂಟಿಕೊಂಡಿತು.

ಒಬ್ಬ ಅಜ್ಜಿ ಬಾವಿಯ ಹತ್ತಿರ ಬಾಟಲಿ ತೊಳೆಯುತ್ತಿದ್ದರು. ಅನು ಬಗ್ಗೆ ಕೇಳಿದೆ. "ಅನು ಬೆಟ್ಟದ ಹೆಸರು ಕಣಮ್ಮಾ. ನಾನು ಬಂದಿದ್ದು ಬಾವಿಗೆ" ಎಂದರು. ಅವರ ಅಪ್ಪ ಬದುಕಿರುವವರೆಗೂ ಈ ನೀರನ್ನು ಕೊಟ್ಟಿಗೆಯಲ್ಲಿ ಎಲ್ಲ ಹಸುಗಳ ಮೇಲೂ ಚಿಮುಕಿಸುತ್ತಿದ್ದರಂತೆ. ಈಗ ಮಗನ ಹತ್ತಿರ ಹಾಲು ಕರೆಯುವ ಯಂತ್ರ ಇದೆ. ಅಜ್ಜಿ ಅದರ ಮೇಲೂ ಒಂದಿಷ್ಟು ಚಿಮುಕಿಸುತ್ತಾರಂತೆ, ಮಗ ನೋಡದಿದ್ದಾಗ.

ಹಳೇಕಡತ:
ಆ ಕಲ್ಲಿನ ಫೋಟೊ ಇದೆಯೇ?

ಮಳೆಕೋಟು:
ತೆಗೆಯಲಿಲ್ಲ. ಕೈ ಒದ್ದೆ ಇತ್ತು.

ಹಟ್ಟಿಗೌಡ:
ನೀರು ತಂದಿರಾ?

ಮಳೆಕೋಟು:
ಒಂದು ಬಾಟಲಿ. ಫ್ರಿಜ್ ಮೇಲೆ ಇದೆ. ಊರಿಗೆ ಬರುವಾಗ ವಿಮಾನದಲ್ಲಿ ಬಿಟ್ಟರೆ ಅರ್ಧ ನಿಮ್ಮ ಎಂಟು ಹಸುಗಳಿಗೆ.

ಹಟ್ಟಿಗೌಡ:
ಈಗ ಒಂಬತ್ತು. ಮೊನ್ನೆ ಕರು ಹಾಕಿದೆ.